ಹದಿನೇಳನೇ ಇಸವಿಯ ನಂತರದ ಪಾಠ

ಫೆಬ್ರವರಿ 5, ಬುಧವಾರ

ಇದು ಕಾರ್ಮಿಕ ಸಂಘದವರು ಪ್ರತಿ ವರ್ಷ ಅಚ್ಚು ಹಾಕಿಸುವ ಕೆಂಪು ರಟ್ಟಿನ ಡೈರಿ. ನಮ್ಮ ಯಜಮಾನರಿಗೆ ಎರಡು ಸಿಗುತ್ತಿದ್ದವು. ಒಂದನ್ನು ನನಗೆ ಕೊಡುತ್ತಿದ್ದರು. ಗ್ಯಾಸ್ ಸಿಲಿಂಡರ್ ಬದಲಾಯಿಸಿದ ದಿನ, ಕಾವೇರಿ ನೀರು ಬಂದ ದಿನ ಇಷ್ಟನ್ನೇ ನಾನು ಬರೆಯುತ್ತಿದ್ದದ್ದು. ಈ ವರ್ಷ ಜನವರಿ 21ರ ಪುಟದಲ್ಲಿ ‘ಸಿಲಿಂಡರ್’ ಎಂದಿದೆ. ಅದನ್ನು ಬೆಳಿಗ್ಗೆ ಬರೆದಿದ್ದೆ. ಅದೇ ಸಂಜೆ ಇವರು ಬಚ್ಚಲ ಬಾಗಿಲಲ್ಲಿ ಕುಸಿದರು. ಆಸ್ಪತ್ರೆ ತಲುಪುವ ಮೊದಲೇ ಹೋಗಿಬಿಟ್ಟಿದ್ದರು. ಅದನ್ನು ಬರೆದಿರಲಿಲ್ಲ. ಈಗ ಬರೆದೆ.

‘ಪೀಣ್ಯದ ಹಿರಿಯ ಕಾರ್ಮಿಕ ಮುಖಂಡ, ಕಮ್ಯುನಿಸ್ಟ್ ರಾಮಾಂಜಿನಪ್ಪ (64) ನಿಧನರಾದರು. ಅವರು ಪತ್ನಿಯನ್ನು ಅಗಲಿದ್ದಾರೆ.’ ಸಂಘದ ಕಾರ್ಯದರ್ಶಿ ನರೇಶ್ ಪತ್ರಿಕೆಗೆ ಕೊಟ್ಟ ಸುದ್ದಿ ಇದು. ನಮ್ಮಪ್ಪ ದಾಸರಹಳ್ಳಿಯಲ್ಲಿ ಪತ್ರಿಕೆ ಏಜೆಂಟ್ ಆಗಿದ್ದರು. ನಾನು ಚಿಕ್ಕಂದಿನಿಂದ ಪೇಪರ್ ಮಡಚಿದವಳು, ಓದದೆ ಮಡಚಿದವಳಲ್ಲ. ನಿಧನ ವಾರ್ತೆ ಹೇಗಿರಬೇಕೆಂದು ನನಗೆ ಗೊತ್ತು. ಇದರಲ್ಲಿ ತಪ್ಪೇನೂ ಇರಲಿಲ್ಲ.

ಸಂಘದವರು ಕೆಂಪು ಬಾವುಟ ಹೊದಿಸಿ ಕಳಿಸಿಕೊಟ್ಟರು. ಕರ್ಮಾಂತರ ಬೇಡ ಎಂದು ಇವರು ಎಂದೋ ಹೇಳಿದ್ದರು. ಮೈದುನ ಕೇಳಲಿಲ್ಲ. ಹನ್ನೊಂದನೇ ದಿನ ತನ್ನ ಮನೆಯಲ್ಲೇ ಎಡೆ ಇಟ್ಟ. ನಾನೂ ಹೋಗಿ ಊಟ ಮಾಡಿ ಬಂದೆ. ಸಂಘದವರಿಗೆ ಹೇಳಿಲ್ಲ.

ನಮಗೆ ಮಕ್ಕಳಿಲ್ಲ. ಇವರು ಎಲ್ಲಾದರೂ ಉಳಿದಿದ್ದರೆ ಆ ಭಾನುವಾರದ ತರಗತಿಯಲ್ಲಿ. ಪೀಣ್ಯ ಎರಡನೇ ಹಂತದ ಸಂಘದ ಕಚೇರಿಯಲ್ಲಿ ಗಾರ್ಮೆಂಟ್ಸ್ ಹೆಣ್ಣುಮಕ್ಕಳನ್ನೂ ಲೇತ್ ಯಂತ್ರದ ಹುಡುಗರನ್ನೂ ಕೂರಿಸಿಕೊಂಡು ಕಮ್ಯುನಿಸಂ ಎಲ್ಲಿ ಹುಟ್ಟಿತು, ಹೇಗೆ ಬೆಳೆಯಿತು ಎಂದು ಬುಡದಿಂದ ಹೇಳುತ್ತಿದ್ದರು. ಒಂದು ಸುತ್ತು ಮುಗಿಯಲು ಐದಾರು ತಿಂಗಳು. ಮುಗಿದರೆ ಹೊಸಬರಿಗೆ ಮತ್ತೆ ಮೊದಲಿನಿಂದ. ಶನಿವಾರ ಸಂಜೆ ನಾನು ಅಕ್ಕಿ ಆರಿಸುವಾಗ ಎದುರು ಕೂತು ಮಾರನೆಯ ದಿನದ ಪಾಠವನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದರು. ಕೇಳಿದೆ ಎನ್ನಲಾರೆ. ಕಿವಿಗೆ ಬೀಳುತ್ತಿತ್ತು.

ಫೆಬ್ರವರಿ 9, ಭಾನುವಾರ

ಬೆಳಿಗ್ಗೆ ಹತ್ತರ ಹೊತ್ತಿಗೆ ಇಬ್ಬರು ಹೆಂಗಸರು ಬಂದರು. ಇಪ್ಪತ್ತೈದರ ಆಸುಪಾಸಿನವಳು ಸವಿತಾ, ನಡುವಯಸ್ಸಿನವಳು ಮರೆವ್ವ. ಇಬ್ಬರೂ ಕೊಪ್ಪಳದ ಕಡೆಯವರು. ಇಲ್ಲೇ ಒಂದು ಗಾರ್ಮೆಂಟ್ಸ್‌ನಲ್ಲಿ ಒಂದೇ ಹೊಲಿಗೆ ಲೈನಿನ ಟೈಲರ್‌ಗಳು. ತರಗತಿಗೆಂದು ಹೋದರೆ ಕಚೇರಿಗೆ ಬೀಗವಂತೆ.

“ಮಾಸ್ತರು ಪ್ಯಾರಿಸ್ಸಿನಾಗ ನಿಲ್ಲಿಸಿ ಹೋಗ್ಯಾರ್ರಿ ಅಮ್ಮಾರ,” ಎಂದಳು ಸವಿತಾ. “ಕೂಲಿ ಮಂದಿ ಊರು ಹಿಡದ್ರು ಅಂದ್ರು. ಮುಂದ ಆ ಮಂದಿ ಏನಾದ್ರು? ನಿಮಗರ ಗೊತ್ತೈತೇನ್ರಿ?”

ಗೊತ್ತಿತ್ತು. 1871ರಲ್ಲಿ ಆ ಕೂಲಿಕಾರರ ಆಡಳಿತ ಎರಡು ತಿಂಗಳ ಮೇಲೆ ಸ್ವಲ್ಪ ದಿನ ನಡೆಯಿತು, ಆಮೇಲೆ ಸೈನ್ಯ ನುಗ್ಗಿ ಸಾವಿರಾರು ಜನರನ್ನು ಗೋಡೆಗೆ ನಿಲ್ಲಿಸಿ ಗುಂಡು ಹೊಡೆಯಿತು ಎಂದು ಹೇಳಿದೆ. ಸವಿತಾ ಮೆಟ್ಟಿಲ ಮೇಲೆ ಕೂತುಬಿಟ್ಟಳು.

“ಇಷ್ಟ ಲಗೂನ ಕೊಂದ್ಬಿಟ್ರೆಲ್ರಿ,” ಎಂದಳು ಮರೆವ್ವ. “ಮಾಸ್ತರಾಗಿದ್ರ ಇನ್ನೂ ಎರಡು ಐತವಾರ ಜೀವಂತ ಇಡ್ತಿದ್ರು.”

ಜನವರಿಯ ನಂತರ ನಾನು ನಕ್ಕದ್ದು ಇವತ್ತು. ನಕ್ಕಮೇಲೆ ಒಳಗೆ ಹೋಗಿ ಇವರ ಚಪ್ಪಲಿಯನ್ನು ಹಿತ್ತಿಲ ಕಡೆ ಎತ್ತಿಟ್ಟೆ. ಯಾಕೋ ಅವು ಬಾಗಿಲಲ್ಲಿರುವುದು ಬೇಡ ಅನ್ನಿಸಿತು.

ಮುಂದಿನ ವಾರ ಬಂದು ನೀವೇ ಹೇಳಿ ಎಂದರು. ಅದು ಅವರ ಪಕ್ಷ, ಅವರ ತರಗತಿ, ನನಗೇನು ಸಂಬಂಧ ಎಂದೆ. ಹೂಂ ಎಂದೂ ಅಂದಿರಬೇಕು. ಖುಷಿಯಾಗಿ ಹೋದರು.

ಫೆಬ್ರವರಿ 16, ಭಾನುವಾರ

ಹೋಗಿದ್ದೆ. ನರೇಶ್ ಬೀಗ ತೆಗೆದು, ನಾನು ಮೆಂಬರ್ ಅಲ್ಲವಲ್ಲ ಎಂದು ಮೆತ್ತಗೆ ಗೊಣಗಿದ. ಆಮೇಲೆ ತಾನೇ ಕುರ್ಚಿ ಹಾಕಿದ.

ಹದಿನೈದು ಜನರಿದ್ದರು, ಹೊಸಬರೂ ಇದ್ದರು. ಹಾಗಾಗಿ ಬುಡದಿಂದಲೇ ಶುರುಮಾಡಿದೆ. ಗೋಡೆಯ ಮೇಲಿನ ಫೋಟೋದ ಗಡ್ಡದಜ್ಜನಿಂದಲ್ಲ. ಇವರು ಯಾವಾಗಲೂ ದರ್ಜಿಗಳಿಂದ ಶುರುಮಾಡುತ್ತಿದ್ದದ್ದು. ಯಂತ್ರ ಬಂದು ಕೈಕೆಲಸ ಮುಳುಗಿತು. ಜರ್ಮನಿಯ ದರ್ಜಿಗಳು, ಚಪ್ಪಲಿ ಹೊಲಿಯುವವರು, ಗಡಿಯಾರ ಮಾಡುವವರು ಹೊಟ್ಟೆಪಾಡಿಗೆ ಪ್ಯಾರಿಸ್ಸಿಗೆ, ಲಂಡನ್ನಿಗೆ ಹೋದರು. ಅಲ್ಲಿ ಗುಟ್ಟಾಗಿ ಸೇರಿ ಒಂದು ಸಂಘ ಕಟ್ಟಿದರು. ದುಡಿಮೆ ಎಲ್ಲರದು, ಯಂತ್ರ ಒಬ್ಬನದು, ಇದು ಯಾಕೆ ಎನ್ನುವುದು ಅವರ ಪ್ರಶ್ನೆ. ನಮಗೆ ಏನು ಬೇಕು ಎಂಬುದನ್ನು ಒಂದು ಕಡೆ ಬರೆದುಕೊಡಿ ಎಂದು ಇಬ್ಬರು ಯುವಕರನ್ನು ಕೇಳಿದರು. 1848ರ ಫೆಬ್ರವರಿಯಲ್ಲಿ ಲಂಡನ್ನಿನಲ್ಲಿ ಅದು ಸಣ್ಣ ಪುಸ್ತಿಕೆಯಾಗಿ ಅಚ್ಚಾಯಿತು. ಆ ಇಬ್ಬರಲ್ಲಿ ಒಬ್ಬನೇ ಈ ಗಡ್ಡದಜ್ಜ. ಇನ್ನೊಬ್ಬನ ಅಪ್ಪನಿಗೆ ಮ್ಯಾಂಚೆಸ್ಟರಿನ ಹತ್ತಿ ಗಿರಣಿಯಲ್ಲಿ ಪಾಲಿತ್ತು ಎಂದಾಗ ಎಲ್ಲರೂ ಮುಖ ಮುಖ ನೋಡಿಕೊಂಡರು.

“ಓನರ್ ಮಗಾನ?” ಎಂದಳು ಮರೆವ್ವ. “ನಮ್ಮ ಓನರ್ ಮಗ ಬರೀ ಕಾರು ತಗೊಂತಾನ ನೋಡ್ರಿ.”

ಇದೇ ಮಾತಿಗೆ ಇವರು ಶನಿವಾರ ಪಾಠ ಹೇಳಿಕೊಳ್ಳುವಾಗ ತಡೆದು ನಿಲ್ಲುತ್ತಿದ್ದರು. ನಗಲು ಜನಕ್ಕೆ ಜಾಗ ಬಿಡುತ್ತಿದ್ದರು ಎಂದು ಇವತ್ತು ಗೊತ್ತಾಯಿತು. ನಾನು ಅಕ್ಕಿಯಿಂದ ತಲೆ ಎತ್ತುತ್ತಿರಲಿಲ್ಲ.

ಕೊನೆಯಲ್ಲಿ ಟೀ ಆಯಿತು. ಸವಿತಾ ಲೋಟ ಒಟ್ಟು ಮಾಡುತ್ತಿದ್ದಾಗ ಲೇತ್ ಶಾಪಿನ ಇರಣ್ಣ ಅವಳನ್ನು ತಡೆದ. ಪಾಠ ಮಾಡಿದವರೇ ಲೋಟ ತೊಳೆಯಬೇಕು, ಅದು ಇಲ್ಲಿಯ ರೂಲು ಎಂದ. ಮೇಷ್ಟ್ರು ಮಾಡಿದ ರೂಲಂತೆ. ಪಾಠ ಮಾಡುವವನು ದೊಡ್ಡವನಲ್ಲ ಎಂದು ನೆನಪಿರಲಿ ಅಂತ. ಪ್ಯಾಂಟು ಮಡಚಿ, ಕುಕ್ಕರಗಾಲಲ್ಲಿ ಕೂತು, ಒಂದೊಂದು ಲೋಟವನ್ನೂ ತಿಕ್ಕಿ ತೊಳೆದು ಬೋರಲು ಹಾಕುತ್ತಿದ್ದರಂತೆ. ಒಂದು ಭಾನುವಾರವೂ ತಪ್ಪಿಸಿದವರಲ್ಲವಂತೆ.

ತಲೆನೋವು ಎಂದು ಹೇಳಿ ಬಂದುಬಿಟ್ಟೆ.

ಫೆಬ್ರವರಿ 17, ಸೋಮವಾರ

ಮದುವೆಯಾಗಿ ಮೂವತ್ತೇಳು ವರ್ಷ. ಕುಡಿದ ಲೋಟವನ್ನು ಕಿಟಕಿಯ ಮೇಲೆ ಇಡುತ್ತಿದ್ದರು. ನಾನು ಎತ್ತಿಕೊಳ್ಳುತ್ತಿದ್ದೆ.

ಫೆಬ್ರವರಿ 23, ಭಾನುವಾರ

ಹೋಗಲಿಲ್ಲ.

ಫೆಬ್ರವರಿ 26, ಬುಧವಾರ

ಶಿವರಾತ್ರಿ. ಶಿಫ್ಟ್ ಮುಗಿಸಿಕೊಂಡು ಸವಿತಾ ಒಬ್ಬಳೇ ಬಂದಳು. ತಮ್ಮ ಫ್ಯಾಕ್ಟರಿಯಲ್ಲಿ ಯೂನಿಯನ್ ಕಟ್ಟುವ ಮಾತು ನಡೆದಿದೆಯಂತೆ. ನೋಂದಣಿಗೆ ಕಡೇ ಪಕ್ಷ ಏಳು ಜನರ ಸಹಿ ಬೇಕು. ಆರಾಗಿದೆ. ಏಳನೆಯದು ಇವಳದು. ಗಂಡ ಬಸಲಿಂಗನಿಗೆ ಭಯ, ಗೇಟಿನ ಹೊರಗೆ ಹಾಕಿದರೆ ಇಬ್ಬರೂ ಊರಿಗೇ ಹೋಗಬೇಕಾಗುತ್ತದೆ ಅಂತ. ಪಾಠ ಪೂರ್ತಿ ಕೇಳಿ, ಇದು ಎಂಥಾ ದಾರಿ ಎಂದು ತಿಳಿದುಕೊಂಡು ಸಹಿ ಹಾಕುತ್ತೇನೆ ಎಂದು ಇವಳು ಮಾಸ್ತರಿಗೆ ಮಾತು ಕೊಟ್ಟಿದ್ದಳಂತೆ.

ನಾನು ಯಾಕೆ ಬರಲಿಲ್ಲ ಎಂದು ಕೇಳಿದಳು. ಮಗಳಿದ್ದರೆ ಅವಳ ವಯಸ್ಸೇ ಇರುತ್ತಿತ್ತು. ಹೇಳಿಬಿಟ್ಟೆ. ನಿಮ್ಮ ಮಾಸ್ತರು ಮನೆಯಲ್ಲಿ ಒಂದು ಲೋಟ ತೊಳೆದವರಲ್ಲ ಎಂದೆ.

ಅವಳಿಗೆ ಆಶ್ಚರ್ಯವೇ ಆಗಲಿಲ್ಲ.

“ಅದು ನಮಗ ಗೊತ್ತೈತಲ್ರಿ ಅಮ್ಮಾರ. ಅವರ ಹೇಳ್ತಿದ್ರು. ‘ನಮ್ಮನೇಲಿ ಇನ್ನೂ ಹದಿನೇಳನೇ ಇಸವಿ ಬಂದಿಲ್ಲ ಕಣಮ್ಮ, ನಾನೇ ಅಲ್ಲಿ ಜಮೀನ್ದಾರ’ ಅಂತ. ಎಲ್ಲಾರೂ ನಗ್ತಿದ್ವಿ.”

ಹದಿನೇಳು ಎಂದರೆ 1917. ರಷ್ಯಾದ ಕ್ರಾಂತಿಯಾದ ವರ್ಷ.

ಗೊತ್ತಿಲ್ಲದೆ ಇದ್ದದ್ದಲ್ಲ ಹಾಗಾದರೆ. ಗೊತ್ತಿತ್ತು. ಊರಿಗೆಲ್ಲ ಹೇಳಿ ನಗಿಸಿದ್ದರು. ನನಗೆ ಮಾತ್ರ ಹೇಳಿರಲಿಲ್ಲ. ಒಂದು ದಿನ ಅಡುಗೆಮನೆಯ ಬಾಗಿಲಲ್ಲಿ ನಿಂತು ಅದೇ ಮಾತನ್ನು ಅಂದಿದ್ದರೆ ನಾನೂ ನಗುತ್ತಿದ್ದೆನೋ ಏನೋ. ಲೋಟ ತೊಳೆಯುವುದೂ ಬೇಕಿರಲಿಲ್ಲ.

ಸವಿತಾಳಿಗೆ ಊಟ ಹಾಕಿದೆ. ತಟ್ಟೆಯನ್ನು ಅವಳೇ ತೊಳೆದಿಟ್ಟು ಹೋದಳು.

ಮಾರ್ಚ್ 9, ಭಾನುವಾರ

ಕಳೆದ ವಾರದಿಂದ ಮತ್ತೆ ಹೋಗುತ್ತಿದ್ದೇನೆ. ಇವರು ತಿಂಗಳುಗಟ್ಟಲೆ ಹೇಳುತ್ತಿದ್ದದ್ದು ನನ್ನ ಬಾಯಲ್ಲಿ ಮೂರೇ ಭಾನುವಾರದ್ದು. ಈ ವಾರ 1917. ನಿನ್ನೆ ಮಹಿಳಾ ದಿನವಾಗಿದ್ದರಿಂದ ಪಾಠ ತಾನಾಗಿ ಕೂಡಿ ಬಂತು. ರಷ್ಯಾದ ಪೆಟ್ರೊಗ್ರಾಡ್ ನಗರದಲ್ಲಿ ಆ ದಿನ ಮೊದಲು ಬೀದಿಗೆ ಬಂದವರು ಬಟ್ಟೆ ಗಿರಣಿಯ ಹೆಂಗಸರು. ಯುದ್ಧಕಾಲ, ಚಳಿ, ಬ್ರೆಡ್ಡಿಗೆ ಉದ್ದ ಸಾಲು. ಗಿರಣಿ ಬಿಟ್ಟು ಬಂದ ಹೆಂಗಸರು ಪಕ್ಕದ ಕಾರ್ಖಾನೆಗಳ ಕಿಟಕಿಗೆ ಹಿಮದ ಉಂಡೆ ಎಸೆದು ಗಂಡಸರನ್ನು ಹೊರಗೆ ಕರೆದರು. ವಾರದೊಳಗೆ ಚಕ್ರವರ್ತಿ ಪೀಠ ಬಿಟ್ಟ. ಅದೇ ವರ್ಷದ ಕೊನೆಗೆ ಕಮ್ಯುನಿಸ್ಟರು ಅಧಿಕಾರ ಹಿಡಿದರು. ದರ್ಜಿಗಳ ಗುಟ್ಟಿನ ಸಂಘದಿಂದ ಒಂದು ದೇಶದ ಸರ್ಕಾರದವರೆಗೆ ಎಪ್ಪತ್ತು ವರ್ಷ.

ಹೆಣ್ಣುಮಕ್ಕಳ ಮುಖ ನೋಡಬೇಕಿತ್ತು. ಮರೆವ್ವ ಇರಣ್ಣನ ಕಡೆ ತಿರುಗಿ, “ನಾವು ಹೊರಗ ಬಂದ್ರ ನೀವೂ ಬರ್ತೀರೇನ್ರಿ, ಇಲ್ಲಾ ಹಿಮ ಬೀಳೂತನ ಕಾಯ್ತೀರೋ?” ಎಂದಳು.

“ಮುಂದ?” ಎಂದಳು ಸವಿತಾ.

ನರೇಶ್ ಥಟ್ಟನೆ ಎದ್ದು ನಿಂತ. ಕೋರ್ಸು ಇಲ್ಲಿಗೆ ಮುಗಿಯಿತು ಎಂದು ಹೇಳಿ ಘೋಷಣೆ ಕೂಗಿಸಿದ.

ಲೋಟ ತೊಳೆದೆ. ನಲ್ಲಿಯ ಕಟ್ಟೆಯ ಮೇಲೆ ಇವರು ಉಳಿಸಿಹೋದ ಸೋಪಿನ ತುಂಡಿತ್ತು, ಬೆರಳಿನ ಗುರುತಿನ ಸಮೇತ ಒಣಗಿತ್ತು. ಅದನ್ನು ಮುಟ್ಟದೆ ನೀರಲ್ಲೇ ತೊಳೆದೆ.

ಮಾರ್ಚ್ 11, ಮಂಗಳವಾರ

ನರೇಶ್ ಮನೆಗೆ ಬಂದಿದ್ದ.

“ಅಕ್ಕ, ಆಮೇಲಿಂದೆಲ್ಲ ಬೇಡ ಕಣಕ್ಕ. ಆ ಹುಡುಗಿ ಇನ್ನೇನು ಸೈನ್ ಹಾಕ್ತಾಳೆ. ಮೇಷ್ಟ್ರೂ ಯಾವತ್ತೂ ಹದಿನೇಳು ದಾಟಿದವರಲ್ಲ. ಅವರಿಗಿಂತ ಜಾಸ್ತಿ ಗೊತ್ತಾ ನಮಗೆ?”

ನಿಜ. ದಾಟಿದವರಲ್ಲ. ಯಾವ ಶನಿವಾರವೂ ದಾಟಿರಲಿಲ್ಲ. ಬಾವುಟ ಏರುತ್ತಿತ್ತು, ಮುಂದಿನ ವಾರ ಮತ್ತೆ ದರ್ಜಿಗಳು.

ಅವನು ಹೋದಮೇಲೆ ಯೋಚಿಸುತ್ತಾ ಕೂತಾಗ ನೆನಪಾಯಿತು. 1991, ಡಿಸೆಂಬರ್ ಕೊನೆಯ ವಾರ. ಮಾಸ್ಕೋದಲ್ಲಿ ಕೆಂಪು ಬಾವುಟ ಇಳಿಸಿದ ಸುದ್ದಿ ಮುಖಪುಟದಲ್ಲಿ ಬಂದಿತ್ತು. ಪೇಪರ್ ಎತ್ತಿಕೊಂಡು ಬಂದವಳು ನಾನು. ಒಳಗೆ ತರಬೇಡ ಎಂದರು. ಅಷ್ಟು ಹೊತ್ತಿಗೆ ನಾನು ಓದಿಯಾಗಿತ್ತು. ಎರಡು ದಿನ ಗೋಡೆಯ ಕಡೆ ತಿರುಗಿ ಮಲಗಿದ್ದರು. ಕೆಲಸಕ್ಕೆ ಹೋಗಲಿಲ್ಲ, ಊಟ ಮುಟ್ಟಲಿಲ್ಲ. ನಾನು ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಬಾಯಿಗೆ ಹಿಡಿದರೆ ಮಗುವಿನ ಹಾಗೆ ನುಂಗುತ್ತಿದ್ದರು. ಕಣ್ಣು ತೆರೆಯುತ್ತಿರಲಿಲ್ಲ. ಮೂರನೆಯ ದಿನ ಭಾನುವಾರ. ಎದ್ದು ಸ್ನಾನ ಮಾಡಿ ತರಗತಿಗೆ ಹೋದರು. ದರ್ಜಿಗಳಿಂದ ಶುರುಮಾಡಿದರು.

ಆ ಎರಡು ದಿನಗಳ ಮಾತನ್ನು ನಾವು ಮತ್ತೆ ಆಡಲಿಲ್ಲ. ತರಗತಿಯವರಿಗೆ ಅದು ಗೊತ್ತಿಲ್ಲ. ನನಗೊಬ್ಬಳಿಗೆ ಗೊತ್ತು.

ಸವಿತಾ ಪೂರ್ತಿ ಕೇಳಿ ಸಹಿ ಹಾಕುತ್ತೇನೆ ಅಂದಿದ್ದಾಳೆ. ಅರ್ಧ ಕೇಳಿಸಿ ಹಾಕಿಸಿಕೊಂಡರೆ ಅದು ಮೋಸ. ಪೂರ್ತಿ ಕೇಳಿಸಿದರೆ ಅವಳು ಹಾಕುತ್ತಾಳೋ ಇಲ್ಲವೋ, ಜನ ಬರುತ್ತಾರೋ ಇಲ್ಲವೋ. ಜನ ಬಿಟ್ಟರೆ ಇವರೂ ಹೋದಂತೆಯೇ.

ಮಾರ್ಚ್ 23, ಭಾನುವಾರ

ಎರಡು ವಾರ ಗ್ರಂಥಾಲಯಕ್ಕೆ ಹೋಗಿ ಓದಿಕೊಂಡೆ. ಇವತ್ತು ಹೇಳಿದೆ.

ಓದು ಬರದಿದ್ದ ದೇಶಕ್ಕೆ ಓದು ಬಂದದ್ದು, ಕೆಲಸಕ್ಕೆ ಹೋಗುವ ತಾಯಂದಿರಿಗೆ ಶಿಶುಮನೆಗಳಾದದ್ದು, ಜರ್ಮನಿಯ ಸೈನ್ಯವನ್ನು ಆ ಜನ ಕೋಟಿಗಟ್ಟಲೆ ಪ್ರಾಣ ಕೊಟ್ಟು ತಡೆದದ್ದು, ಇದನ್ನೆಲ್ಲ ಹೇಳಿದೆ. ಅದಕ್ಕೂ ಮೊದಲು ರೈತರ ಮನೆಯಿಂದ ದವಸ ಕಿತ್ತುಕೊಂಡು ಹೋಗಿ, ಲಕ್ಷಾಂತರ ಜನ ಹಸಿದು ಸತ್ತದ್ದನ್ನೂ ಹೇಳಿದೆ. ಕ್ರಾಂತಿ ಮಾಡಿದವರನ್ನೇ ದ್ರೋಹಿಗಳೆಂದು ಕರೆದು ಗುಂಡಿಟ್ಟದ್ದು, ಮಾತಾಡಿದವರನ್ನು ಹಿಮದ ನಾಡಿನ ಶಿಬಿರಗಳಿಗೆ ಅಟ್ಟಿದ್ದು, ಕೆಲಸಗಾರರ ಸರ್ಕಾರದಲ್ಲಿ ಕೆಲಸಗಾರರು ಮುಷ್ಕರ ಹೂಡುವಂತಿಲ್ಲದೆ ಹೋದದ್ದು. ಆಮೇಲೆ ಕಮ್ಯುನಿಸ್ಟರು ಆಳಿದ ಚೀನಾದಲ್ಲಿ ಬಂದ ಬರಗಾಲ. ಕೊನೆಗೆ 1991. ನಮ್ಮ ದೇಶದಲ್ಲಿ ಕಮ್ಯುನಿಸಂ ಬೇರೆ ದಾರಿ ಹಿಡಿದು ಚುನಾವಣೆಗೆ ನಿಂತದ್ದನ್ನೂ ಹೇಳಿದೆ. ಪೇಪರಿನಲ್ಲಿ ಓದಿದಂತೆ ಹೇಳಿದೆ, ನನ್ನದೇನೂ ಸೇರಿಸಲಿಲ್ಲ.

ಯಾರೂ ಟೀಗೆ ಏಳಲಿಲ್ಲ. ಕೊನೆಗೆ ಮರೆವ್ವ, “ನಮ್ಮೂರ ಸ್ತ್ರೀಶಕ್ತಿ ಸಂಘನೂ ಹಿಂಗ ಆತ್ರಿ. ಅಧ್ಯಕ್ಷಿ ಒಬ್ಬಾಕಿ ಕೈಯಾಗ ಕೀಲಿಕೈ ಕೊಟ್ಟು ಎಲ್ಲಾರೂ ಮನಿಗೆ ಹೋಗಿ ಮಲಗಿದ್ವಿ,” ಎಂದಳು. ಒಬ್ಬಿಬ್ಬರು ನಕ್ಕರು.

ಸವಿತಾ ನಗಲಿಲ್ಲ. “ಇದೆಲ್ಲ ಮಾಸ್ತರಿಗೆ ಗೊತ್ತಿತ್ತನ್ರಿ?”

ಗೊತ್ತಿರಲಿಲ್ಲ ಎನ್ನಬಹುದಿತ್ತು. ಯಾರೂ ಪರೀಕ್ಷೆ ಮಾಡುತ್ತಿರಲಿಲ್ಲ. ನರೇಶ್ ಅದನ್ನೇ ಹೇಳಲಿ ಎಂದು ನನ್ನನ್ನೇ ನೋಡುತ್ತಿದ್ದ.

“ಗೊತ್ತಿತ್ತು,” ಎಂದೆ.

“ಮತ್ತ ನಮಗ್ಯಾಕ ಹೇಳಲಿಲ್ಲ?”

“ನನಗೂ ಹೇಳ್ಲಿಲ್ಲಮ್ಮ.”

ಅವಳು ಬ್ಯಾಗು ತೆಗೆದುಕೊಂಡು ಹೊರಟುಹೋದಳು. ಆ ಎರಡು ದಿನ ಮಲಗಿದ್ದ ವಿಷಯ ಹೇಳಬೇಕೆಂದು ಬಾಯಿಗೆ ಬಂದಿತ್ತು. ಹೇಳಲಿಲ್ಲ. ಹೇಳಿದ್ದರೆ ಕ್ಷಮಿಸುತ್ತಿದ್ದರೇನೋ. ಆದರೆ ಅದನ್ನು ಹೇಗೆ ಕೊಡುವುದು, ಅದೊಂದೇ ನನ್ನ ಹತ್ತಿರ ಇರುವುದು.

ಏಪ್ರಿಲ್ 6, ಭಾನುವಾರ

ಕಳೆದ ವಾರ ಯುಗಾದಿ, ತರಗತಿ ಇರಲಿಲ್ಲ. ಇವತ್ತು ಮರೆವ್ವ, ಇರಣ್ಣ ಮತ್ತು ನಾನು. ಮೂರು ಲೋಟ.

ನರೇಶ್ ಹೊರಗಿನ ಮೆಟ್ಟಿಲ ಮೇಲೆ ನಿಂತು, ಮೇಷ್ಟ್ರು ಇಷ್ಟು ವರ್ಷ ಕಟ್ಟಿದ್ದನ್ನು ಒಂದು ಭಾನುವಾರದಲ್ಲಿ ಮುಗಿಸಿಬಿಟ್ರಲ್ಲಕ್ಕ ಎಂದ. ಬೈಯಲಿಲ್ಲ, ಅವನ ಕಣ್ಣು ತುಂಬಿತ್ತು. ಹದಿನೆಂಟರ ವಯಸ್ಸಿನಲ್ಲಿ ಇವರ ಹತ್ತಿರ ಬಂದವನು ಅವನು.

ಮನೆಗೆ ಬಂದು ಇವರ ಅಂಗಿಗಳನ್ನು ಒಗೆದೆ. ಒಗೆದೇ ಇಟ್ಟಿದ್ದವು. ಮತ್ತೆ ಒಗೆದೆ.

ಏಪ್ರಿಲ್ 13, ಭಾನುವಾರ

ಐದು ಜನ. ಮನೆಯಲ್ಲಿ ಕೂತು ಏನು ಮಾಡಲಿ ಎಂದು ಹೋಗಿದ್ದೆ. ಹೊಸ ಹುಡುಗಿಯೊಬ್ಬಳು ಬಂದಿದ್ದಳು, ಅವಳಿಗಾಗಿ ಯಂತ್ರ ಬಂದ ಕಾಲದಿಂದ ಶುರುಮಾಡಿದೆವು. ಸವಿತಾ ಬರಲಿಲ್ಲ. ಫೋನೂ ಎತ್ತುತ್ತಿಲ್ಲ.

ಏಪ್ರಿಲ್ 20, ಭಾನುವಾರ

ಸವಿತಾ ಸಹಿ ಹಾಕಿದ್ದಾಳಂತೆ. ಗುರುವಾರವೇ. ಮರೆವ್ವ ಹೇಳಿದಳು. ಬಸಲಿಂಗ ಒಂದು ದಿನ ಊಟ ಬಿಟ್ಟನಂತೆ. ಆಮೇಲೆ ತಾನೇ ಬಸ್ಸಿನಲ್ಲಿ ಕರೆದುಕೊಂಡು ಬಂದು ಸಂಘದ ಕಚೇರಿಯ ಹೊರಗೆ ನಿಂತಿದ್ದನಂತೆ. ಇನ್ನು ಕಂಪನಿಯವರು ಸುಮ್ಮನಿರುವುದಿಲ್ಲ. ಏಳೂ ಜನರನ್ನು ಒಂದೇ ಲೈನಿನಲ್ಲಿ ಬಿಡದೆ ಚದುರಿಸಬಹುದು. ಅದಕ್ಕೆ ನಾವು ಏನು ಮಾಡಬೇಕು ಎಂದು ಇವತ್ತು ಇಡೀ ಹೊತ್ತು ಅದನ್ನೇ ಮಾತಾಡಿದೆವು. ಪಾಠವಾಗಲಿಲ್ಲ. ಹನ್ನೊಂದು ಜನರಿದ್ದೆವು.

ನರೇಶ್ ಮುಖದಲ್ಲಿ ಕಳೆ ಬಂದಿದೆ. ಮೇ ದಿನಕ್ಕೆ ಮುಂಚೆ ಇವರ ದೊಡ್ಡ ಫೋಟೋ ಮಾಡಿಸಿ ಗಡ್ಡದಜ್ಜನ ಪಕ್ಕ ಹಾಕೋಣ ಎಂದ. ನಾನು ಮದುವೆ ಆಲ್ಬಮ್ಮಿನದು ಬೇಡ, ಈಚಿನದು ಹುಡುಕುತ್ತೇನೆ ಎಂದೆ. ಬಹಳ ದಿನದ ಮೇಲೆ ರಾತ್ರಿ ಊಟ ರುಚಿಸಿತು.

ಏಪ್ರಿಲ್ 27, ಭಾನುವಾರ

ಕಚೇರಿ ತುಂಬಿತ್ತು. ಸವಿತಾ ಬಂದಿದ್ದಳು. ನನ್ನ ಹತ್ತಿರ ಬಂದು ಕೈ ಹಿಡಿದು, ಹೋಗಿ ಹಿಂದೆ ಕೂತಳು.

ನರೇಶ್ ಫೋಟೋವನ್ನು ಕಾಗದದಿಂದ ಬಿಚ್ಚಿದ. ದಪ್ಪ ಕಟ್ಟು, ಸುತ್ತ ಕೆಂಪು ಅಂಚು. ಅದರಲ್ಲಿ ಇವರು ಮಾತಿನ ನಡುವೆ ಏನೋ ಹೇಳಲು ಹೊರಟಂತಿದ್ದರು. ಇಲ್ಲಿ ಏನಾದರೂ ಕೈ ಎತ್ತಿಯೇ ತೀರ್ಮಾನ. ಹಾಗಾಗಿ, ಎಲ್ಲರ ಒಪ್ಪಿಗೆ ಇದೆಯಲ್ಲ ಎಂದು ನರೇಶ್ ಕೇಳಿದ. ಕೇಳುವ ಮೊದಲೇ ಮೊಳೆ ಹೊಡೆದಾಗಿತ್ತು.

ಸವಿತಾ ಎದ್ದು ನಿಂತಳು.

“ನಂದು ಒಪ್ಪಿಗಿ ಇಲ್ರಿ. ಆ ಅಜ್ಜಾರ ಫೋಟೋ ನಾವು ಹಾಕಿದ್ದಲ್ಲ. ಇದು ನಾವು ಹಾಕೋದು. ಮಾಸ್ತರ ಮ್ಯಾಲ ಸಿಟ್ಟಿಲ್ಲ ನನಗ. ಅವರಿಂದನ ನಾ ಇಲ್ಲಿ ನಿಂತೀನಿ. ಆದ್ರ ಅವರು ನಮಗ ಅರ್ಧಾ ಹೇಳಿದ್ರು. ಅರ್ಧಾ ಹೇಳಿದವರನ್ನ ಗ್ವಾಡಿಗೆ ಹಾಕಿ ಕೈ ಮುಗಿದ್ರ, ನಾಳೆ ನಾವೂ ನಮ್ಮ ಮಂದಿಗೆ ಅರ್ಧಾ ಹೇಳ್ತೀವಿ.”

ಇರಣ್ಣ ಕೋಪದಿಂದ, ಸತ್ತವರ ಬಗ್ಗೆ ಹೀಗೆಲ್ಲ ಮಾತಾಡಬಾರದು ಎಂದ. ಮೇಷ್ಟ್ರಮ್ಮ ಎದುರಿಗೇ ಕೂತಿದ್ದಾರೆ, ಅಷ್ಟಾದರೂ ಬೇಡವೇ ಎಂದ. ಸವಿತಾ ಕೂರಲಿಲ್ಲ.

ಹಾಕಬೇಕೆನ್ನುವವರು ಕೈ ಎತ್ತಿ ಎಂದ ನರೇಶ್. ಲೇತ್ ಶಾಪಿನವರೆಲ್ಲ ಎತ್ತಿದರು. ಮರೆವ್ವ ಅಳುತ್ತಲೇ ಎತ್ತಿದಳು. ಬೇಡವೆನ್ನುವವರು ಎಂದಾಗ ಸವಿತಾ ಎತ್ತಿದಳು, ಅವಳ ಹಿಂದೆ ಕೆಲವು ಹುಡುಗಿಯರು ಅರ್ಧಂಬರ್ಧ ಎತ್ತಿ ನನ್ನ ಕಡೆ ನೋಡಿದರು. ನಾನೂ ಎತ್ತಿದೆ.

ಯಾಕೆ ಎಂದು ಬರೆಯಲು ನೋಡಿದೆ. ಎರಡು ಸಾರಿ ಬರೆದು ಹೊಡೆದುಹಾಕಿದ್ದೇನೆ.

ಆಮೇಲೆ ಯಾರೂ ಎಣಿಸಲಿಲ್ಲ. ನರೇಶ್ ಫೋಟೋವನ್ನು ಮತ್ತೆ ಕಾಗದದಲ್ಲಿ ಸುತ್ತಲು ಹೋದ, ಕಾಗದ ಹರಿಯಿತು. ಹಾಗೇ ಕೊಡು ಎಂದು ತೆಗೆದುಕೊಂಡೆ. ಮುಂದಿನ ಭಾನುವಾರ ಹತ್ತಕ್ಕೇ ಸೇರಬೇಕು, ಕಂಪನಿಯವರು ಈ ವಾರ ಏಳೂ ಜನರನ್ನು ಬೇರೆ ಬೇರೆ ಲೈನಿಗೆ ಚದುರಿಸಿದ ವಿಷಯ ತೀರ್ಮಾನವಾಗಬೇಕು ಎಂದು ಎಲ್ಲರಿಗೂ ಹೇಳಿ ಹೊರಟೆ. ಸವಿತಾ ಬಸ್ಸಿನವರೆಗೆ ಬರುತ್ತೇನೆಂದಳು. ಬೇಡ ಎಂದೆ.

ಮನೆ ಕಡೆಯ ಲಗ್ಗೆರೆ ಬಸ್ಸಿನಲ್ಲಿ ಸೀಟು ಸಿಕ್ಕಿತು. ಫೋಟೋ ತೊಡೆಯ ಮೇಲೆ ನಿಲ್ಲುತ್ತಿರಲಿಲ್ಲ, ಬ್ರೇಕ್ ಹಾಕಿದಾಗಲೆಲ್ಲ ಜಾರುತ್ತಿತ್ತು. ಪಕ್ಕದಲ್ಲಿ ಕೂತಿದ್ದವಳು ಟಿಫನ್ ಬ್ಯಾಗಿನ ಹೆಂಗಸು, ಯಾವುದೋ ಶಿಫ್ಟು ಮುಗಿಸಿ ಬಂದವಳು. ಕೆಂಪು ಅಂಚು ನೋಡಿ ಕೇಳಿದಳು.

“ಯಾವ ಪಾರ್ಟಿ ಲೀಡರಮ್ಮ ಇವ್ರು?”

“ಲೀಡರಲ್ಲಮ್ಮ. ನಮ್ಮನೆಯವ್ರು.”

ಅಷ್ಟು ಹೇಳುವಷ್ಟರಲ್ಲಿ ಅಳು ಬಂತು. ತಡೆಯಲು ಆಗಲಿಲ್ಲ, ಕೈ ಎರಡೂ ಮುಖಕ್ಕೆ ಹೋದವು. ಬೀಳುತ್ತಿದ್ದ ಫೋಟೋವನ್ನು ಆಕೆ ಹಿಡಿದು ತನ್ನ ತೊಡೆಯ ಮೇಲೆ ಇಟ್ಟುಕೊಂಡು, ಲಗ್ಗೆರೆ ಬರುವವರೆಗೂ ಹಿಡಿದೇ ಕೂತಿದ್ದಳು.